ಹತವಾದ ಹಕ್ಕಿಯ ಚಿತ್ರ: ತೋರುವವರೂ ನೋಡುವವರೂ

ಬೇಟೆಗೆ ಬಲಿಯಾದ ಹಕ್ಕಿಯ ಛಾಯಾಚಿತ್ರವನ್ನು ಇತರರಿಗೆ ತೋರಿಸುವುದು ಯುಕ್ತವೇ ಎಂಬ ಪ್ರಶ್ನೆಯಲ್ಲಿ ಪಕ್ಷಿವೀಕ್ಷಕರಿಗೆ ಒಮ್ಮತವಿಲ್ಲ. ಕೊಲ್ಲುವುದು ತಪ್ಪೆಂಬಲ್ಲಿ ಬಹುಮಟ್ಟಿಗೆ ಒಂದಾಗಿರುವವರು, ಕೊಂದದ್ದನ್ನು ಕಣ್ಣಿಗೆ ತರುವ ಮಾತು ಬಂದೊಡನೆ ಬೇರೆಬೇರೆಯಾಗುತ್ತಾರೆ. ಇಂಥ ಚಿತ್ರ ಮನಸ್ಸನ್ನು ಕದಡುತ್ತದೆ, ಬೇಟೆಗಾರನ ಹಮ್ಮಿಗೆ ನೀರೆರೆಯುತ್ತದೆ, ಆದ್ದರಿಂದ ಬೇಡವೆಂಬುದು ಒಂದು ಪಕ್ಷ. ಮುಚ್ಚಿಟ್ಟ ಕೊಲೆ ಮುಂದುವರಿಯುತ್ತದೆ, ಆದ್ದರಿಂದ ತೋರಲೇಬೇಕೆಂಬುದು ಮತ್ತೊಂದು. ಮೂರನೆಯ ಒಂದು ವರ್ಗವೂ ಉಂಟು. ಸತ್ತ ಹಕ್ಕಿಯೂ ಅವರಿಗೆ ಒಂದು ದಾಖಲೆ: ಯಾವ ಜಾತಿ, ಯಾವ ಊರು, ಯಾವ ತಿಂಗಳು ಎಂಬುದಷ್ಟೇ ಅವರ ವಿಚಾರ.

ಈ ಮೂರನೆಯವರನ್ನು ಹೃದಯಹೀನರೆಂದು ತಳ್ಳಿಹಾಕುವ ಮುನ್ನ ಸ್ವಲ್ಪ ನಿಲ್ಲಬೇಕು. ಭಾರತದ ಪಕ್ಷಿವಿಜ್ಞಾನದ ಹಿರಿಯರಾದ ಸಲೀಂ ಅಲಿಯವರ ವಿದ್ಯೆ ಆರಂಭವಾದದ್ದೇ ಬಾಲ್ಯದಲ್ಲಿ ಗಾಳಿಕೋವಿಯಿಂದ ಹೊಡೆದುರುಳಿಸಿದ ಒಂದು ಗುಬ್ಬಿಯಿಂದ. ಅದರ ಕೊರಳಿನ ಹಳದಿ ಗುರುತನ್ನು ಕಂಡು ಬೆರಗಾದ ಹುಡುಗ, ಅದಾವ ಹಕ್ಕಿಯೆಂದು ಕೇಳಲು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದನು. ವಲಸೆಹಕ್ಕಿಗಳ ಕಾಲಿಗೆ ತೊಡಿಸಿದ ಉಂಗುರಗಳಲ್ಲಿಯೂ ಹಲವು ಬೇಟೆಗಾರರ ಕೈಯಿಂದಲೇ ಮರಳಿ ಬಂದು, ಹಕ್ಕಿಗಳ ಹಾದಿಯನ್ನು ತಿಳಿಸಿದವು. ಜ್ಞಾನವು ಹಿಂಸೆಯ ಬಾಗಿಲಿನಿಂದ ಬಂದಿತೆಂಬುದು ಹಿತವಾದ ಮಾತಲ್ಲ, ಆದರೆ ನಿಜ.

ತೋರುವುದು ತಾನಾಗಿ ಪುಣ್ಯವೂ ಅಲ್ಲ, ಪಾಪವೂ ಅಲ್ಲ ಎಂಬುದಕ್ಕೆ ಭರತಪುರದ ಕಲ್ಲೊಂದು ಸಾಕ್ಷಿ. ಇಂದು ಕೇವಲಾದೇವ ರಾಷ್ಟ್ರೀಯ ಉದ್ಯಾನವಾಗಿರುವ ಅಲ್ಲಿ, ಹಿಂದಿನ ಬೇಟೆಗಳ ಲೆಕ್ಕವನ್ನು ಶಿಲೆಯಲ್ಲಿ ಕೆತ್ತಿಸಿದ್ದಾರೆ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ಬೇಟೆಯಲ್ಲಿ ಒಂದೇ ದಿನ ಹತವಾದ ಹಕ್ಕಿಗಳು 4,273. ಕೆತ್ತಿಸಿದವರಿಗೆ ಅದು ಬಿರುದು. ಇಂದು ಅದೇ ಅಂಕಿಯನ್ನು ಓದುವ ಯಾತ್ರಿಕನು ತಲೆತಗ್ಗಿಸುತ್ತಾನೆ. ಅಕ್ಷರ ಬದಲಾಗಿಲ್ಲ, ಓದುವ ಭಾವ ಬದಲಾಗಿದೆ.

ಈ ವಿವಾದಕ್ಕೆ ನಮ್ಮ ಕಾಲದ ಮುಖ್ಯ ನಿದರ್ಶನ ನಾಗಾಲ್ಯಾಂಡಿನದು. ಅಮುರ್ ಫಾಲ್ಕನ್ ಎಂಬುದು ಪಾರಿವಾಳದಷ್ಟು ಗಾತ್ರದ ಡೇಗೆ. ಸೈಬೀರಿಯದ ಆಗ್ನೇಯ ಭಾಗ, ಮಂಗೋಲಿಯ, ಉತ್ತರ ಚೀನಾಗಳಲ್ಲಿ ಮರಿ ಮಾಡಿ, ಭಾರತವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ ಆಫ್ರಿಕದ ದಕ್ಷಿಣ ಭಾಗವನ್ನು ಸೇರುತ್ತದೆ. ಅಕ್ಟೋಬರ್-ನವೆಂಬರಿನಲ್ಲಿ ವೋಖಾ ಜಿಲ್ಲೆಯ ದೋಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆ ಹಕ್ಕಿಗಳು ಇಳಿದು ವಿಶ್ರಮಿಸುತ್ತವೆ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ರಾಮ್ಕಿ ಶ್ರೀನಿವಾಸನ್, ಶಶಾಂಕ್ ದಳ್ವಿ, ನಾಗಾಲ್ಯಾಂಡಿನವರೇ ಆದ ಪತ್ರಕರ್ತೆ ಬಾನೊ ಹರಾಲು ಮೊದಲಾದವರು ಅಲ್ಲಿ ಕಂಡದ್ದನ್ನು ಚಿತ್ರೀಕರಿಸಿ ಲೋಕದ ಮುಂದಿಟ್ಟರು. ಮರಗಳ ಎತ್ತರಕ್ಕೆ ಕಟ್ಟಿದ ನೈಲಾನ್ ಮೀನುಬಲೆಗಳು, ಅವುಗಳಲ್ಲಿ ತೊಡರಿ ರೆಕ್ಕೆ ಬಡಿಯುವ ಹಕ್ಕಿಗಳು, ಪುಕ್ಕ ಕಿತ್ತು ಸಾಲಾಗಿ ತೂಗುಹಾಕಿದ ದೇಹಗಳು. ಒಂದು ಋತುವಿನಲ್ಲಿ 1,20,000ದಿಂದ 1,40,000 ಹಕ್ಕಿಗಳು ಹತವಾದುವೆಂದು ಅವರು ಅಂದಾಜಿಸಿದರು.

ಆ ಚಿತ್ರಗಳನ್ನು ತೋರಬಾರದಿತ್ತೆ? ಮರುವರ್ಷ, ಅಂದರೆ 2013ರಲ್ಲಿ, ಅಲ್ಲಿ ಬಲೆ ಏಳಲಿಲ್ಲ. ಪಂಗ್ಟಿ ಮೊದಲಾದ ಹಳ್ಳಿಗಳ ಸಭೆಗಳು ಬೇಟೆಯನ್ನು ನಿಷೇಧಿಸಿದುವು. ಹಿಂದೆ ಬಲೆ ಬೀಸಿದವರಲ್ಲಿಯೇ ಹಲವರು ಕಾವಲು ನಿಂತರು. ಆ ನವೆಂಬರಿನಲ್ಲಿ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಉಪಕರಣವನ್ನು ಕಟ್ಟಿ ಬಿಟ್ಟಾಗ ಅವಕ್ಕೆ ಇಟ್ಟ ಹೆಸರುಗಳು ನಾಗಾ, ವೋಖಾ, ಪಂಗ್ಟಿ. ಇಷ್ಟು ಫಲ ಕಂಡ ಮೇಲೆ ‘ತೋರಬಾರದು’ ಎಂಬ ವಾದ ಸೋತಿತೆಂದೇ ಹೇಳಬೇಕು. ಅನೇಕಾಂತದ ಹೆಸರು ಹೇಳಿ, ಎರಡೂ ಸರಿಯೆಂದು ಜಾರಿಕೊಳ್ಳುವ ಒಂದು ಚಾಳಿ ನಮ್ಮ ವೇದಿಕೆಗಳಲ್ಲಿದೆ. ಇಲ್ಲಿ ಅದು ಸಲ್ಲದು.

ಆದರೆ ಗೆದ್ದವರ ವಾದವೂ ಪೂರ್ಣವಲ್ಲ. ಹಿಂಸೆಯನ್ನು ನಿಲ್ಲಿಸಿದ್ದು ಚಿತ್ರವೊಂದೇ ಎಂದು ತಿಳಿದರೆ ನಾವು ಮೋಸಹೋದಂತೆ. ಕ್ಯಾಮೆರಾದ ಚೌಕಟ್ಟಿನೊಳಗೆ ಬಲೆಯಿದೆ, ಹಕ್ಕಿಯಿದೆ, ಅದನ್ನು ಹೊತ್ತ ಮನುಷ್ಯನಿದ್ದಾನೆ, ಮುಳುಗಿದ ಹೊಲವಿಲ್ಲ. ದೋಯಾಂಗ್ ಜಲಾಶಯ ಜಲವಿದ್ಯುತ್ತಿಗಾಗಿ ಕಟ್ಟಿದ್ದು. ಸುತ್ತಣ ಹಳ್ಳಿಗಳು ಅದಕ್ಕೆ ಸಾಗುವಳಿಯ ಭೂಮಿಯನ್ನು ತೆತ್ತವು, ರೈತರಲ್ಲಿ ಹಲವರು ಮೀನುಗಾರರಾದರು. ಕೈಯಲ್ಲಿ ಬಲೆಯಿತ್ತು, ತಲೆಯ ಮೇಲೆ ಹಕ್ಕಿಯ ಮೋಡವಿತ್ತು. ಇದು ಕೊಲೆಗೆ ಸಮರ್ಥನೆಯಲ್ಲ. ಆದರೆ ಇದನ್ನು ಬಿಟ್ಟು ನೋಡುವ ನೋಟ ಕುರುಡು. ಬಾನೊ ಹರಾಲು ಮತ್ತು ಅವರ ಸಂಗಡಿಗರು ಹಳ್ಳಿಗಳಿಗೆ ಮರಳಿ ಹೋಗಿ ಹಿರಿಯರೊಡನೆ, ಚರ್ಚಿನವರೊಡನೆ, ಮಕ್ಕಳೊಡನೆ ಕುಳಿತು ಮಾತಾಡಿದರು. ಬಲೆ ಇಳಿದದ್ದು ಆ ಮಾತಿನಿಂದ, ಅರಣ್ಯ ಇಲಾಖೆಯ ಒತ್ತಾಯದಿಂದ, ಹಳ್ಳಿಗರ ನಿರ್ಧಾರದಿಂದ. ಚಿತ್ರವು ಬಾಗಿಲು ತಟ್ಟಿತು, ಅಷ್ಟೆ.

ದೂರದಲ್ಲಿ ಕುಳಿತು ನೋಡಿದ ನಮ್ಮ ಪಾಡೇನು? ಕೃತ, ಕಾರಿತ, ಅನುಮೋದಿತವೆಂದು ಹಿಂಸೆಯನ್ನು ಮೂರು ಬಗೆಯಾಗಿ ಎಣಿಸುವುದು ಈ ಪತ್ರಿಕೆಯ ಓದುಗರಿಗೆ ಹೊಸತಲ್ಲ. ಚಿತ್ರವನ್ನು ನೋಡಿ ಮರುಗಿದವನು ಅನುಮೋದಿಸಿದಂತಾಗಲಿಲ್ಲ, ಸರಿ. ಆದರೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮೊದಲೆರಡನ್ನು ಇಂಥ ಚಿತ್ರ ಎಷ್ಟು ಸಲೀಸಾಗಿ ಎಬ್ಬಿಸುತ್ತದೆಂಬುದನ್ನು ಗಮನಿಸಬೇಕು. ‘ಎಂಥ ಕ್ರೂರ ಜನ!’ ಎಂಬ ಉದ್ಗಾರ ಕ್ರೋಧ; ‘ಸದ್ಯ, ನಾವು ಹಾಗಲ್ಲ’ ಎಂಬ ಒಳನೆಮ್ಮದಿ ಮಾನ. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಅದು ಧರ್ಮಶ್ರದ್ಧೆಯ ವೇಷದಲ್ಲಿ ಬರುತ್ತದೆ. ಒಂದು ಹಳ್ಳಿಯ ಕೃತ್ಯಕ್ಕೆ ಒಂದು ಜನಾಂಗವನ್ನೇ ಹಳಿದವನು ಹಕ್ಕಿಯ ಹೆಸರಿನಲ್ಲಿ ಮನುಷ್ಯನನ್ನು ಹಿಂಸಿಸಿದನು.

ಯಶೋಧರನ ಕಥೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅವನು ಕಡಿದದ್ದು ಹಿಟ್ಟಿನ ಕೋಳಿ, ಪ್ರಾಣವಿಲ್ಲದ ಆಕೃತಿ. ಆದರೂ ಸಂಕಲ್ಪ ಬಂಧಿಸಿತು, ಭವಭವಗಳಲ್ಲಿ ಅಲೆಸಿತು. ಛಾಯಾಚಿತ್ರದ ಹಕ್ಕಿಯೂ ಪ್ರಾಣವಿಲ್ಲದ ಆಕೃತಿಯೇ. ಅದರ ಮುಂದೆ ನಿಂತಾಗ ನಮ್ಮ ಮನಸ್ಸು ಮಾಡುವುದೇನೆಂಬುದು ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಬಸದಿಗಳ ಸಭಾಭವನಗಳಲ್ಲಿ, ಪಾಠಶಾಲೆಗಳಲ್ಲಿ, ಅಹಿಂಸಾ ಸಪ್ತಾಹದ ಪ್ರದರ್ಶನಗಳಲ್ಲಿ ಇಂಥ ಚಿತ್ರಗಳನ್ನು ಇಡಬಹುದೇ ಎಂದು ಟ್ರಸ್ಟಿನವರು ಕೇಳಿದರೆ, ಇಡಬಹುದು ಎಂದೇ ನನ್ನ ಉತ್ತರ. ಆದರೆ ಎಳೆಯ ಮಕ್ಕಳ ಕಣ್ಣಳತೆಯಲ್ಲಿ ಬೇಡ. ಹಳ್ಳಿಗರ ಮುಖ ಕಾಣುವಂತೆ ಬೇಡ; ಅವರು ಅಪರಾಧಿಗಳ ಪಟ್ಟಿಗೆ ಸೇರಲು ಒಪ್ಪಿ ಚಿತ್ರಕ್ಕೆ ನಿಂತವರಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದಿನಾಂಕವಿಲ್ಲದೆ ಬೇಡ. 2012ರ ಬಲೆಯ ಚಿತ್ರ ವರ್ಷದ ಗುರುತಿಲ್ಲದೆ ಇಂದು ಕೈಯಿಂದ ಕೈಗೆ ಹೋದರೆ, ಬಲೆ ಬಿಚ್ಚಿ ಕಾವಲು ನಿಂತವನು ನೋಡುವವನ ಕಣ್ಣಿನಲ್ಲಿ ಇನ್ನೂ ಕೊಲ್ಲುತ್ತಲೇ ಇರುತ್ತಾನೆ. ಸತ್ಯಾಣುವ್ರತಕ್ಕೆ ಅದು ಭಂಗ. 2013ರಲ್ಲಿ ಬಿಟ್ಟ ‘ಪಂಗ್ಟಿ’ ಎಂಬ ಹಕ್ಕಿಯ ಚಿತ್ರವನ್ನೂ ಅದರ ಪಕ್ಕದಲ್ಲಿಯೇ, ಅಷ್ಟೇ ದೊಡ್ಡದಾಗಿ ಇಡಲಿ. ಸ್ಥಳ ಸಾಲದಿದ್ದರೆ ಬಲೆಯದನ್ನು ತೆಗೆಯಲಿ.