ಫಿಜಿ ‘ಮಿನಿ ಇಂಡಿಯಾ’ ಅಲ್ಲ

ಫಿಜಿಗೆ ಹೊರಟವರಿಗೆ ನಮ್ಮ ಪ್ರವಾಸ ಲೇಖನಗಳು ಕೊಡುವ ಮೊದಲ ಭರವಸೆ, ಅದು ಕಡಲಾಚೆಯ ಪುಟ್ಟ ಭಾರತ ಎಂಬುದು. ನಾಂದಿ ಪಟ್ಟಣದಲ್ಲಿ ಗೋಪುರವಿರುವ ಸುಬ್ರಹ್ಮಣ್ಯ ದೇವಸ್ಥಾನ, ಅಂಗಡಿಗಳಲ್ಲಿ ಹಿಂದಿ, ಊಟಕ್ಕೆ ರೋಟಿ, ದೀಪಾವಳಿಗೆ ಸರ್ಕಾರಿ ರಜೆ. ಇಷ್ಟು ಕಂಡರೆ ಸಾಕು, ನಮ್ಮವರಿಗೆ ಹೆಮ್ಮೆ. ಮಿಕ್ಕಂತೆ ತೆಂಗಿನ ಮರ, ನೀಲಿ ನೀರು, ‘ಬುಲಾ’ ಎನ್ನುವ ನಗುಮುಖಗಳು. ಇದರಲ್ಲಿ ಸುಳ್ಳೇನಿಲ್ಲ. ಆದರೂ ಈ ಪರಿಚಯ ಓದಿ ಹೋದವರಿಗೆ ಫಿಜಿ ಅರ್ಥವಾಗುವುದಿಲ್ಲ.

1874ರಲ್ಲಿ ದ್ವೀಪಗಳು ಬ್ರಿಟಿಷರ ಕೈಗೆ ಬಂದವು. ಮರುವರ್ಷವೇ ದಡಾರ ಹಬ್ಬಿ ಮೂಲನಿವಾಸಿಗಳಲ್ಲಿ ಸಾವಿರಾರು ಜನ ಸತ್ತರು. ಆಗ ಗವರ್ನರ್ ಆಗಿ ಬಂದ ಆರ್ಥರ್ ಗಾರ್ಡನ್ ಮೂಲನಿವಾಸಿಗಳ ಜಮೀನಿನ ಮಾರಾಟ ತಡೆದ, ಅವರನ್ನು ತೋಟದ ಕೂಲಿಗೆ ಎಳೆಯದಂತೆ ನೋಡಿಕೊಂಡ. ಹಾಗಾದರೆ ಕಬ್ಬು ಕಡಿಯುವವರು ಯಾರು? ಟ್ರಿನಿಡಾಡ್ ಮತ್ತು ಮಾರಿಷಸ್‌ಗಳಲ್ಲಿ ಆಳಿದ್ದ ಗಾರ್ಡನ್‌ಗೆ ಉತ್ತರ ಗೊತ್ತಿತ್ತು. 1879ರಿಂದ 1916ರವರೆಗೆ ಸುಮಾರು 60 ಸಾವಿರ ಭಾರತೀಯರು ಐದು ವರ್ಷದ ಕರಾರಿಗೆ ಹೆಬ್ಬೆಟ್ಟೊತ್ತಿ ಹಡಗು ಹತ್ತಿದರು. 1903ರಿಂದ ಮದರಾಸಿನಿಂದಲೂ ಹಡಗುಗಳು ಹೊರಟವು. ದಕ್ಷಿಣದವರೆಲ್ಲ ಅಲ್ಲಿ ‘ಮದ್ರಾಸಿ’ಗಳಾದರು.

ಒಬ್ಬರ ನೆಲ ಉಳಿಯಲೆಂದು ಇನ್ನೊಬ್ಬರ ಮೈ ಸವೆದ ಕಥೆ ಇದು. ಪ್ರವಾಸಿ ಬರಹ ಇದನ್ನು ಸೀಳಿ ಎರಡು ಪೊಟ್ಟಣ ಕಟ್ಟುತ್ತದೆ: ಹುಲ್ಲಿನ ಲಂಗದ ನೃತ್ಯಕ್ಕೆ ‘ಸಂಸ್ಕೃತಿ’ ಎಂಬ ಚೀಟಿ, ದೇವಸ್ಥಾನಕ್ಕೆ ‘ನಮ್ಮವರು’ ಎಂಬ ಚೀಟಿ.

ರಜೆ ಕಳೆಯಲು ಹೋದವರಿಗೆ ಈ ಪುರಾಣವೆಲ್ಲ ಯಾಕೆ ಎನ್ನುವವರಿದ್ದಾರೆ. ಆದರೆ ಅವರು ಮಲಗುವ ಎಷ್ಟೋ ರೆಸಾರ್ಟುಗಳು ನಿಂತಿರುವುದೇ ಮೂಲನಿವಾಸಿ ಕುಲಗಳ ಗುತ್ತಿಗೆ ನೆಲದ ಮೇಲೆ. ದೇಶದ ಶೇ. 87ರಷ್ಟು ಭೂಮಿ ಇಂದಿಗೂ ಆ ಕುಲಗಳದ್ದೇ. ಆ ನೆಲದಲ್ಲಿ ಕಬ್ಬು ಬೆಳೆಯುವ ಕರಾರು ಕೂಲಿಗಳ ವಂಶದವರಿಗೆ 1976ರ ಕಾನೂನು 30 ವರ್ಷದ ಗುತ್ತಿಗೆ ಕೊಡಿಸಿತು. ಕಾನೂನಿಗೂ ಮೊದಲು ಶುರುವಾಗಿದ್ದ ಗುತ್ತಿಗೆಗಳ ಅವಧಿ 1997ರಿಂದ ಮುಗಿಯತೊಡಗಿ, ಎಷ್ಟೋ ಕುಟುಂಬಗಳು ಗದ್ದೆ ಬಿಟ್ಟು ರಾಜಧಾನಿ ಸುವಾದ ಅಂಚಿಗೆ ಬಂದು ಬಿದ್ದವು. ಅದಕ್ಕೂ ಮೊದಲೇ, 1987ರ ಸೇನಾ ಕ್ರಾಂತಿಗಳ ನಂತರ, ಭಾರತ ಮೂಲದ ಸಾವಿರಾರು ಜನ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾಗಳಿಗೆ ಹೋಗಿದ್ದರು. ಒಂದು ಕಾಲಕ್ಕೆ ಮೂಲನಿವಾಸಿಗಳಿಗಿಂತ ಹೆಚ್ಚಿದ್ದ ಭಾರತ ಮೂಲದವರು 2007ರ ಜನಗಣತಿಯಲ್ಲಿ ಶೇ. 37.5 ಮಾತ್ರ. ‘ಮಿನಿ ಇಂಡಿಯಾ’ ಎನ್ನುವವರು ಈ ಅಂಕಿ ಕೊಡುವುದಿಲ್ಲ.

ಉಳಿದವರಾದರೂ ನಮ್ಮ ನಕಲುಗಳೇ? ಅವರ ಹಿಂದಿ ಎಂದರೆ ಅವಧೀ, ಭೋಜಪುರಿ ನುಡಿಗಳು ಬೆರೆತು ಹುಟ್ಟಿದ ಬೇರೆಯೇ ಮಾತು. ಮದ್ರಾಸಿಗಳ ಮೊಮ್ಮಕ್ಕಳೂ ಅದನ್ನೇ ಆಡುತ್ತಾರೆ. ಜಾತಿಯ ಬಿಗಿ ಹಡಗಿನಲ್ಲೇ ಸಡಿಲಿತು. ಸಂಜೆ ಚಾಪೆಯ ಮೇಲೆ ಕೂತು ಕುಡಿಯುವುದು ಯಂಗೋನ ಬೇರಿನ ನೀರು. ಅದು ಅವರು ಮೂಲನಿವಾಸಿಗಳಿಂದ ಕಲಿತದ್ದು. ಅವರು ಫಿಜಿಯವರು, ಅಷ್ಟೇ. 2023ರಲ್ಲಿ ಕರಾರು ಕೂಲಿಗಳ ನೆನಪಿನ ಗಿರ್ಮಿಟ್ ದಿನ ರಾಷ್ಟ್ರೀಯ ರಜೆಯಾಯಿತು. 1987ರ ಕ್ರಾಂತಿ ನಡೆಸಿದ್ದ, ಆಗ ಪ್ರಧಾನಿಯಾಗಿದ್ದ ರಬೂಕಾ ಆ ಸಂದರ್ಭದಲ್ಲಿ ಕ್ಷಮೆ ಕೇಳಿದರು. ಪ್ರವಾಸ ಲೇಖನ ಹೇಳಬೇಕಾದ ಸುದ್ದಿ ಇದು.

ನಾಂದಿಯ ದೇವಸ್ಥಾನ ಖಂಡಿತ ನೋಡಿ. ಆಮೇಲೆ ಬಸ್ಸು ಹತ್ತಿ ಲೌಟೋಕಾಕ್ಕೆ ಹೋಗಿ, 1903ರ ಸಕ್ಕರೆ ಕಾರ್ಖಾನೆಯನ್ನೂ ನೋಡಿ. ಹಳ್ಳಿಗೆ ಹೋಗುವುದಾದರೆ ಮುಖಂಡರಿಗೆ ಕೊಡಲು ಯಂಗೋನ ಬೇರು ಒಯ್ಯಿರಿ, ಟೋಪಿ ತೆಗೆಯಿರಿ. ಟ್ಯಾಕ್ಸಿಯವರನ್ನು ಮಾತಾಡಿಸುವಾಗ ಇಂಡಿಯಾದಲ್ಲಿ ನಿಮ್ಮದು ಯಾವ ಊರು ಎನ್ನಬೇಡಿ, ಫಿಜಿಯಲ್ಲಿ ಯಾವ ಊರು ಎಂದು ಕೇಳಿ.