ರಿಜಿಸ್ಟರಿನ ಗಡಿ

ಕೆಲಸ ಮಾಡುತ್ತ ಓದುವುದು ಮುಂಬಯಿ ಕನ್ನಡಿಗರಿಗೆ ಎಂದೂ ನಾಚಿಕೆಯ ವಿಷಯವಾಗಿರಲಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕೂತು ಮೆಟ್ರಿಕ್ ಮುಗಿಸಿದವರು ಮುಂದೆ ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿಶಾಲೆ ನಡೆಸಿದ್ದನ್ನು ಸಂಘದ ಸಭೆಗಳಲ್ಲಿ ಇಂದಿಗೂ ಎದೆಯುಬ್ಬಿಸಿ ಹೇಳುತ್ತೇವೆ. ಅದೇ ಊರಿನಲ್ಲಿ ನರ್ಸೊಬ್ಬಳು ಡ್ಯೂಟಿ ಮಾಡುತ್ತಲೇ ದೂರಶಿಕ್ಷಣದಲ್ಲಿ ಬಿಎಸ್ಸಿ ಮುಗಿಸಿದೆ ಎಂದರೆ "ಓ, ಕರೆಸ್ಪಾಂಡೆನ್ಸಾ?" ಎಂಬ ಪ್ರಶ್ನೆ ಬರುತ್ತದೆ. ಈ ಅನುಮಾನದಲ್ಲಿ ನ್ಯಾಯ ಎಷ್ಟು, ಕಚೇರಿಯ ಚಾಳಿ ಎಷ್ಟು?

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಅಂಚೆಯಲ್ಲಿ ಪುಸ್ತಕ ತರಿಸಿಕೊಂಡು ನಮ್ಮಲ್ಲಿ ಯಾರೂ ನರ್ಸ್ ಆಗುವುದಿಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1994ರಲ್ಲಿ ಶುರು ಮಾಡಿದ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗಿಗೆ ಸೇರಲು ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ ಆಗಿರಬೇಕು, ಯಾವುದಾದರೂ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರಿರಬೇಕು, ಮೇಲಾಗಿ ಕೆಲಸದ ಅನುಭವ ಬೇಕು. ಕಾಲೇಜಿಗೆ ಹೋದವರು ಎರಡು ವರ್ಷದಲ್ಲಿ ಮುಗಿಸುವ ಕೋರ್ಸು ಇಲ್ಲಿ ಮೂರು ವರ್ಷ. ಪ್ರವೇಶ ಪರೀಕ್ಷೆ ಉಂಟು, ಅಧ್ಯಯನ ಕೇಂದ್ರದಲ್ಲಿ ಪ್ರಾಕ್ಟಿಕಲ್ ಕಡ್ಡಾಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2017ರ ನಿಯಮಗಳು ವೈದ್ಯಕೀಯ, ಎಂಜಿನಿಯರಿಂಗ್‌ಗಳ ಜೊತೆ ನರ್ಸಿಂಗನ್ನೂ ದೂರಶಿಕ್ಷಣದಿಂದ ಹೊರಗಿಟ್ಟವು. ಹೊಸದಾಗಿ ನರ್ಸ್ ಆಗಲು ಬರುವವರ ಮಟ್ಟಿಗೆ ಅದು ಸರಿಯೇ. ನಡುಗುವ ಮುದುಕರ ಕೈಯಲ್ಲಿ ನರ ಹುಡುಕಿ ಸೂಜಿ ಚುಚ್ಚುವುದನ್ನು ಪುಸ್ತಕ ಕಲಿಸುವುದಿಲ್ಲ. ಆದರೆ ನೂರಾರು ರಾತ್ರಿ ಅದನ್ನೇ ಮಾಡಿ ಬಂದವಳ ಮುಂದೆಯೂ ಅದೇ ವಾದ ಹೂಡಿದರೆ ಅದಕ್ಕೆ ಅರ್ಥವಿಲ್ಲ.

ಇನ್ನು ರಾಜ್ಯದ ಗಡಿ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಪ್ರಕಾರ ಮಾನ್ಯತೆ ಪಡೆದ ವಿದ್ಯಾರ್ಹತೆ ಯಾವ ರಾಜ್ಯದ ರಿಜಿಸ್ಟರಿನಲ್ಲಾದರೂ ಹೆಸರು ಸೇರಿಸಲು ಸಾಕು. ಆದರೆ ಆ ರಿಜಿಸ್ಟರು ಇರುವುದು ರಾಜ್ಯಗಳ ಕೈಯಲ್ಲಿ. ಕರ್ನಾಟಕಕ್ಕೆ 1961ರ ಕಾಯ್ದೆ, ಮಹಾರಾಷ್ಟ್ರಕ್ಕೆ 1966ರದ್ದು. ಉಡುಪಿಯಲ್ಲೋ ಕಾರ್ಕಳದಲ್ಲೋ ಜಿಎನ್‌ಎಂ ಕಲಿತು ಮುಂಬಯಿಗೆ ಬಂದವಳ ಹೆಸರು ಇರುವುದು ಬೆಂಗಳೂರಿನ ಕೌನ್ಸಿಲಿನಲ್ಲಿ. ಅಲ್ಲಿಂದ ಎನ್‌ಒಸಿ ಬರಬೇಕು, ವೆರಿಫಿಕೇಷನ್ ಆಗಬೇಕು, ಆಮೇಲೆ ಮಹಾರಾಷ್ಟ್ರ ಕೌನ್ಸಿಲಿನಲ್ಲಿ ನೋಂದಣಿ. ಇದರ ಮೇಲೆ ಇಗ್ನೋ ಪದವಿಯೂ ಸೇರಿದರೆ ಗಂಟು ಇನ್ನೂ ಬಿಗಿಯಾಗುತ್ತದೆ. ನೋಂದಣಿ ಬೆಂಗಳೂರಿನದು, ಪದವಿ ದಿಲ್ಲಿಯದು, ದುಡಿಮೆ ಮುಂಬಯಿಯದು. ಹೆಚ್ಚುವರಿ ಅರ್ಹತೆಯನ್ನು ಎಲ್ಲಿ ಮೊದಲು ದಾಖಲಿಸಬೇಕು ಎಂಬ ಪ್ರಶ್ನೆ ಹಿಡಿದು ಅವಳು ಅಲೆಯಬೇಕು, ಅದೂ ರಜೆ ಹಾಕಿ. ಒಂದು ದಿನದ ರಜೆಗೆ ಮೇಟ್ರನ್ ಮುಖ ಹೇಗಾಗುತ್ತದೆಂದು ವಾರ್ಡಿನಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ರೆಗ್ಯುಲರ್ ಪದವಿಯವರು ಹಾಯಾಗಿದ್ದಾರೆ ಎಂದೂ ತಿಳಿಯಬೇಕಿಲ್ಲ. 2017ರಲ್ಲಿ ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರ ಯಾರದು ಎಂಬ ಜಗಳ ಹೈಕೋರ್ಟ್ ಮೆಟ್ಟಿಲೇರಿತು. ಕೇಂದ್ರ ಕೌನ್ಸಿಲಿನ ಪಟ್ಟಿಯಿಂದ ಕರ್ನಾಟಕದ ಕಾಲೇಜುಗಳು ಮಾಯವಾದವು. ಹೊರರಾಜ್ಯದಲ್ಲಿ ನಮ್ಮ ಸರ್ಟಿಫಿಕೇಟ್ ನಡೆಯುತ್ತದೋ ಇಲ್ಲವೋ ಎಂದು ಸಾವಿರಾರು ವಿದ್ಯಾರ್ಥಿಗಳು ದಿಗಿಲುಬಿದ್ದರು. ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಓಡಾಡಿ ಕಲಿತವರ ಕೌಶಲ ರಾತ್ರೋರಾತ್ರಿ ಬದಲಾಗಿರಲಿಲ್ಲ, ಬದಲಾದದ್ದು ಒಂದು ಪಟ್ಟಿ ಮಾತ್ರ. ದೂರಶಿಕ್ಷಣದ ಹೆಸರು ಕೆಟ್ಟದ್ದರಲ್ಲೂ ನಮ್ಮವರ ಪಾಲಿದೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ರಾಜ್ಯದ ಹೊರಗೆಲ್ಲ ಕೇಂದ್ರ ತೆರೆಯಲು ಬಿಟ್ಟು, ಯುಜಿಸಿ ಮಾನ್ಯತೆ ಕಳೆದುಕೊಂಡು, 2018ರಲ್ಲಿ ಮರಳಿ ಪಡೆಯಿತು. ಆ ರಗಳೆಗೂ ವಾರ್ಡಿನ ಸಿಸ್ಟರಿಗೂ ಸಂಬಂಧವಿಲ್ಲ, ಆದರೂ ಕಪ್ಪು ಚುಕ್ಕೆ ಎಲ್ಲರ ಹಣೆಗೂ ಅಂಟಿತು.

ಅಮೆರಿಕದ ಉದಾಹರಣೆ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿರುವ ಎಕ್ಸೆಲ್ಸಿಯರ್ ಸಂಸ್ಥೆ ದಶಕಗಳಿಂದ ದೂರಶಿಕ್ಷಣದ ನರ್ಸಿಂಗ್ ನಡೆಸಿದೆ. ಅಲ್ಲಿ ಸೇರಿದವರೂ ಬಹುಪಾಲು ಆಗಲೇ ಆರೋಗ್ಯ ಸೇವೆಯಲ್ಲಿದ್ದವರೇ. ಕೊನೆಗೆ ಆಸ್ಪತ್ರೆಯಲ್ಲಿ ನಿಜವಾದ ರೋಗಿಗಳ ಮುಂದೆ, ಪರೀಕ್ಷಕರ ಕಣ್ಣೆದುರು ಎರಡು ಮೂರು ದಿನದ ಕಠಿಣ ಪರೀಕ್ಷೆ ಇರುತ್ತಿತ್ತು. ಆಮೇಲೆ ದೇಶಕ್ಕೆಲ್ಲ ಒಂದೇ ಆದ ಲೈಸೆನ್ಸ್ ಪರೀಕ್ಷೆ. ಎರಡನ್ನೂ ಪಾಸಾದರೂ ಕ್ಯಾಲಿಫೋರ್ನಿಯಾದ ನರ್ಸಿಂಗ್ ಮಂಡಳಿ 2003ರ ಡಿಸೆಂಬರ್ ನಂತರ ಸೇರಿದವರನ್ನು ಒಪ್ಪಲಿಲ್ಲ. ಮೇಲ್ವಿಚಾರಣೆಯಲ್ಲಿ ಕಳೆದ ಕ್ಲಿನಿಕಲ್ ಗಂಟೆಗಳು ಸಾಲವು ಎಂಬುದು ಆಕ್ಷೇಪ. ಅಲ್ಲಿ ಪರೀಕ್ಷೆ ಇತ್ತು, ಗಂಟೆ ಕಡಿಮೆಬಿತ್ತು. ನಮ್ಮಲ್ಲಿ ಗಂಟೆಗೆ ಬರವಿಲ್ಲ, ಆದರೆ ರಿಜಿಸ್ಟ್ರೇಷನ್‌ಗೆ ಮುಂಚೆ ದೇಶಕ್ಕೆಲ್ಲ ಅನ್ವಯಿಸುವ ಪರೀಕ್ಷೆಯೇ ಇಲ್ಲ. ಅಳೆಯುವ ಕೋಲಿಲ್ಲದ ಕೌನ್ಸಿಲು ಕಾಲೇಜಿನ ಹೆಸರು, ರಾಜ್ಯದ ಹೆಸರು, ಕೋರ್ಸಿನ ಹೆಸರು ನೋಡುತ್ತದೆ. ಆಗ ಮೊದಲು ಸಂಶಯಕ್ಕೆ ಗುರಿಯಾಗುವುದು ದೂರಶಿಕ್ಷಣ.

ಇಗ್ನೋ ಕೋರ್ಸನ್ನು ಹೊಗಳಲು ಹೊರಟವನಲ್ಲ ನಾನು. ಅದರ ದುರ್ಬಲ ಜಾಗ ಅನುಭವ ಪ್ರಮಾಣಪತ್ರ. ಡೊಂಬಿವಲಿಯ ಹತ್ತು ಹಾಸಿಗೆಯ ಹೆರಿಗೆ ಆಸ್ಪತ್ರೆಯಲ್ಲಿ ದುಡಿದವಳೂ ಕೆಇಎಮ್ ಆಸ್ಪತ್ರೆಯ ಐಸಿಯುನಲ್ಲಿ ದುಡಿದವಳೂ ತರುವ ಕಾಗದ ಒಂದೇ ಬಗೆಯದು. ಲೆಟರ್‌ಹೆಡ್, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ, ನಡತೆ ತೃಪ್ತಿಕರ, ಸಹಿ, ಮೊಹರು. ಅವಳು ವೆಂಟಿಲೇಟರ್ ಮುಟ್ಟಿದ್ದಾಳೆಯೇ, ರಕ್ತ ಕೊಡುವಾಗ ಅಲರ್ಜಿ ಆದ ರೋಗಿಯನ್ನು ನಿಭಾಯಿಸಿದ್ದಾಳೆಯೇ, ಅದರಲ್ಲಿ ಒಂದಕ್ಷರವಿಲ್ಲ. ಅಧ್ಯಯನ ಕೇಂದ್ರದ ಪ್ರಾಕ್ಟಿಕಲ್ ಈ ಕೊರತೆಯನ್ನು ಸ್ವಲ್ಪ ತುಂಬೀತು, ಪೂರ್ತಿ ಅಲ್ಲ.

ಇಷ್ಟು ಬಿಗಿಯಾದ ರಿಜಿಸ್ಟರು ರೋಗಿಯನ್ನಾದರೂ ಕಾಯುತ್ತಿದೆಯೇ? 1949ರ ಬಾಂಬೆ ನರ್ಸಿಂಗ್ ಹೋಮ್ಸ್ ಕಾಯ್ದೆ ಅರ್ಹ ನರ್ಸುಗಳು ತಕ್ಕ ಪ್ರಮಾಣದಲ್ಲಿ ಇರಬೇಕೆನ್ನುತ್ತದೆ. ಉಪನಗರಗಳ ಸಣ್ಣ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಹೊತ್ತು ಸಲೈನ್ ಬದಲಿಸುವ "ಸಿಸ್ಟರ್" ನಿನ್ನೆ ಮೊನ್ನೆಯವರೆಗೆ ಮಾವ್ಶಿ, ಅಂದರೆ ಆಯಾ ಆಗಿದ್ದವಳು ಎಂಬುದು ಎಷ್ಟೋ ಕಡೆ ಗುಟ್ಟಲ್ಲ. ನರ್ಸಿಂಗ್ ಬ್ಯೂರೋದಿಂದ ಮನೆಗೆ ಬರುವ ನರ್ಸಿನ ನೋಂದಣಿ ಸಂಖ್ಯೆಯನ್ನು ಕೇಳಿದವರು ನಿಮ್ಮ ಕಟ್ಟಡದಲ್ಲಿ ಯಾರಾದರೂ ಇದ್ದಾರೆಯೇ? ಕಾಗದ ತಂದವಳನ್ನು ಗೋಳುಹೊಯ್ದುಕೊಳ್ಳುವ ವ್ಯವಸ್ಥೆ ಕಾಗದವೇ ಇಲ್ಲದವಳ ತಂಟೆಗೆ ಹೋಗುವುದಿಲ್ಲ. ನನ್ನ ಮುಖ್ಯ ತಕರಾರು ಇದೇ.

1947ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಆನ್‌ಲೈನ್ ರಾಷ್ಟ್ರೀಯ ರಿಜಿಸ್ಟರು ಅದರಲ್ಲಿದೆ, ರಾಜ್ಯಗಳ ರಿಜಿಸ್ಟರೂ ಉಳಿದಿದೆ. ಆಧಾರ್‌ಗೆ ಜೋಡಿಸಿದ ವಿಶಿಷ್ಟ ಸಂಖ್ಯೆ ಕೊಡುವ ಪದ್ಧತಿ ಅದಕ್ಕೂ ಮೊದಲೇ ಬಂದಿತ್ತು. ಆ ಸಂಖ್ಯೆ ಇವಳು ಯಾರು, ಎಲ್ಲಿ ನೋಂದಾಯಿತಳು ಎಂದು ಹೇಳುತ್ತದೆ, ಇವಳಿಗೆ ಏನು ಬರುತ್ತದೆ ಎಂದು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಜೆಜೆಯಂಥ ಆಸ್ಪತ್ರೆಯ ವಾರ್ಡಿನಲ್ಲೇ ಕೌನ್ಸಿಲು ಪರೀಕ್ಷೆ ನಡೆಸಬೇಕು. ದೂರಶಿಕ್ಷಣದವರು, ಹೊರರಾಜ್ಯದವರು, ಇಲ್ಲಿಯ ರೆಗ್ಯುಲರ್ ಪದವೀಧರರು, ಎಲ್ಲರಿಗೂ ಒಂದೇ ಪರೀಕ್ಷೆ. ಅಂಥದೊಂದು ಪ್ರಸ್ತಾಪ ಬಂದ ದಿನ ಮೊದಲು ಕೋರ್ಟಿಗೆ ಹೋಗುವವರು ದೂರಶಿಕ್ಷಣದ ನರ್ಸುಗಳಲ್ಲ, ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಗಳು ಎಂದು ನನ್ನ ಅಂದಾಜು.