ಅರವತ್ತು ಆಟಗಳು, ಮೂರು ಸೋಲು

ಚದುರಂಗದ ಪುಸ್ತಕಗಳಲ್ಲಿ ಎರಡು ಜಾತಿ. ಒಂದು, ಅಡುಗೆ ಪುಸ್ತಕದಂಥದ್ದು. ಮೊದಲ ಹತ್ತು ನಡೆ ಹೀಗಿರಲಿ, ಕುದುರೆಯನ್ನು ಇಲ್ಲಿಗೆ ತನ್ನಿ, ಆಮೇಲೆ ರಾಜನನ್ನು ಭದ್ರ ಮಾಡಿ ಅಂತ ಹೇಳಿಕೊಡುತ್ತದೆ. ಇನ್ನೊಂದು, ಒಬ್ಬ ಗ್ರ್ಯಾಂಡ್‌ಮಾಸ್ಟರ್ ತಾನು ಆಡಿದ ಆಟಗಳನ್ನು ತಾನೇ ಕೂತು ಬಿಡಿಸಿ ಬರೆದದ್ದು. ಮೊದಲನೆಯದು ಬೇಗ ಹಳಸುತ್ತದೆ. ಎರಡನೆಯದು ಹಳಸುವುದಿಲ್ಲ ಅಂತ ನಾವೆಲ್ಲ ನಂಬಿಕೊಂಡಿದ್ದೆವು. ಈಗ ಜೇಬಿನೊಳಗಿನ ಫೋನಿನಲ್ಲೇ ಸ್ಟಾಕ್‌ಫಿಶ್ ಎಂಬ ತಂತ್ರಾಂಶ ಕೂತು ಯಾವ ಗ್ರ್ಯಾಂಡ್‌ಮಾಸ್ಟರನ ಬರಹದಲ್ಲೂ ತಪ್ಪು ಹುಡುಕಿಕೊಡುತ್ತದೆ. ಹಾಗಿದ್ದ ಮೇಲೆ ಐವತ್ತು ವರ್ಷ ಹಿಂದಿನ ಪುಸ್ತಕವನ್ನು ಹಲಗೆಯ ಪಕ್ಕ ಇಟ್ಟುಕೊಂಡು ಗಂಟೆಗಟ್ಟಲೆ ಕೂರುವುದಕ್ಕೆ ಅರ್ಥವುಂಟೆ? ನನ್ನ ಮಗಳು ಕೇಳಿದ ಪ್ರಶ್ನೆ ಇದು. ಅವಳಿಗೆ ಉತ್ತರ ಕೊಡುವ ನೆಪದಲ್ಲಿ ನನ್ನ ಕಪಾಟಿನ ನಾಲ್ಕೈದು ಪುಸ್ತಕಗಳನ್ನು ಮತ್ತೆ ತೆಗೆದೆ. ಬಳಗದ ಮಿತ್ರರೊಡನೆ ಹಂಚಿಕೊಳ್ಳೋಣ ಅನ್ನಿಸಿತು. ಚದುರಂಗ ಬಾರದವರು ಗಾಬರಿಯಾಗಬೇಡಿ, ಇಲ್ಲಿ ಲೆಕ್ಕ ಕಡಿಮೆ, ಹರಟೆ ಜಾಸ್ತಿ.

ಮೊದಲು ಬಾಬಿ ಫಿಶರ್‌ನ 'ಮೈ 60 ಮೆಮೊರಬಲ್ ಗೇಮ್ಸ್'. 1969ರಲ್ಲಿ ಸೈಮನ್ ಅಂಡ್ ಶುಸ್ಟರ್ ಪ್ರಕಟಿಸಿದ್ದು. 1957ರಿಂದ 1967ರವರೆಗಿನ ಅರವತ್ತು ಆಟಗಳು, ಪ್ರತಿಯೊಂದಕ್ಕೂ ಲ್ಯಾರಿ ಇವಾನ್ಸ್ ಬರೆದ ಪುಟ್ಟ ಮುನ್ನುಡಿ. ಈ ಪುಸ್ತಕವನ್ನು ಹೊಗಳದವರಿಲ್ಲ. ಆದರೆ ನನಗೆ ಮುಖ್ಯವಾಗಿ ಕಂಡದ್ದು ಅದರ ಲೆಕ್ಕಾಚಾರ: ಅರವತ್ತರಲ್ಲಿ ಗೆಲುವು 48, ಡ್ರಾ 9, ಸೋಲು 3. 'ನನ್ನ ಅತ್ಯುತ್ತಮ ಆಟಗಳು' ಎಂಬ ಹೆಸರಿಟ್ಟ ಪುಸ್ತಕದಲ್ಲಿ ಸೋಲಿಗೆ ಜಾಗ ಇರುವುದಿಲ್ಲ. ಫಿಶರ್ 'ನೆನಪಿನಲ್ಲಿ ಉಳಿದವು' ಅಂದ. ಸೋತದ್ದು ಗೆದ್ದದ್ದಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ತಮಾಷೆಯೆಂದರೆ, 13ನೇ ವಯಸ್ಸಿನಲ್ಲಿ ಡೊನಾಲ್ಡ್ ಬರ್ನ್ ವಿರುದ್ಧ ಮಂತ್ರಿಯನ್ನೇ ಬಲಿಕೊಟ್ಟು ಗೆದ್ದ, ಜಗತ್ತು 'ಶತಮಾನದ ಆಟ' ಎಂದು ಕರೆದ 1956ರ ಆಟ ಈ ಪುಸ್ತಕದಲ್ಲಿ ಇಲ್ಲವೇ ಇಲ್ಲ. ತನ್ನ ಬಗ್ಗೆ ಫಿಶರ್‌ಗೆ ಇದ್ದ ಅಭಿಮಾನ ಎಷ್ಟೆಂದು ಎಲ್ಲರಿಗೂ ಗೊತ್ತು. ಅಂಥವನು ಹೀಗೆ ಆರಿಸಿದ್ದಾನೆ.

ಸೋತ ಮೂರರಲ್ಲಿ ಒಂದು 1959ರ ಕ್ಯಾಂಡಿಡೇಟ್ಸ್ ಪಂದ್ಯಾವಳಿಯಲ್ಲಿ ಮಿಖಾಯಿಲ್ ತಾಲ್ ವಿರುದ್ಧ ಆಡಿದ್ದು. ಫಿಶರ್‌ಗೆ ಆಗ 16 ವರ್ಷ. ಆ ಪಂದ್ಯಾವಳಿಯಲ್ಲಿ ತಾಲ್ ಜೊತೆಗಿನ ನಾಲ್ಕಕ್ಕೆ ನಾಲ್ಕೂ ಆಟ ಸೋತ ಹುಡುಗ. ಈ ಆಟದ ಒಂದು ಪ್ರಸಂಗವನ್ನು ತಾಲ್ ಹೇಳಿದ್ದಾನೆ. 22ನೇ ನಡೆಗೆ ಫಿಶರ್ ಬಹಳ ಹೊತ್ತು ಯೋಚಿಸಿ, ಆನೆಯನ್ನು ಸರಿಸುವುದೆಂದು ಕಾಗದದ ಮೇಲೆ ಮೊದಲು ಬರೆದ. ಬರೆದು, ಕಾಗದ ಎದುರಾಳಿಗೆ ಕಾಣುವ ಹಾಗೆ ಮೆಲ್ಲಗೆ ತಳ್ಳಿದ. ಸರಿಯಾದ ನಡೆ ಅದೇ. ತಾಲ್‌ಗೆ ಪೇಚು: ಮುಖ ಗಂಟಿಕ್ಕಿದರೂ ಕಷ್ಟ, ನಕ್ಕರೂ ಕಷ್ಟ. ಎದ್ದು, ಏನೂ ಆಗಿಲ್ಲವೆಂಬಂತೆ ವೇದಿಕೆಯ ಮೇಲೆ ಅಡ್ಡಾಡತೊಡಗಿದ. ಹುಡುಗ ಬರೆದದ್ದನ್ನು ಹೊಡೆದುಹಾಕಿ ಬೇರೆ ನಡೆ ಆಡಿದ, ಸೋತ. ಫಿಶರ್‌ನ ಪುಸ್ತಕದಲ್ಲಿ ಈ ಆಟ ಓದುವಾಗ ಒಂದು ವಿಷಯ ಗಮನಿಸಿ. ತನ್ನ ತಪ್ಪು ನಡೆಯ ಮುಂದೆ ತಾನೇ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾನೆ, ಏನು ಆಡಬೇಕಿತ್ತೆಂದು ತೋರಿಸುತ್ತಾನೆ. ನೆಪ ಹೇಳುವುದಿಲ್ಲ. ಸ್ಟಾಕ್‌ಫಿಶ್ ಕೂಡ ಆ ನಡೆ ಸರಿಯಿಲ್ಲ ಅನ್ನುತ್ತದೆ, ಆದರೆ ಸರಿಯಾದದ್ದು ಕಣ್ಣೆದುರಿಗೇ ಇದ್ದೂ ಒಬ್ಬ ಮನುಷ್ಯ ಅದನ್ನು ಯಾಕೆ ಬಿಟ್ಟ ಎಂಬುದಕ್ಕೆ ಅದರಲ್ಲಿ ಅಂಕಿಯಿಲ್ಲ.

ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಬೇರೆಯವರು ಬರೆದ ಕೋಡ್ ಓದುವಾಗ ಎರಡು ತರಹದ ಕಾಮೆಂಟು ಸಿಗುತ್ತದೆ. 'ಇಲ್ಲಿ ಎಕ್ಸ್‌ಗೆ ಒಂದು ಕೂಡಿಸಿದೆ' ಅನ್ನುವುದು ಒಂದು. ಅದು ಕೋಡಿನಲ್ಲೇ ಕಾಣುತ್ತದೆ, ದಂಡ. 'ಹೀಗೆ ಮಾಡದಿದ್ದರೆ ರಾತ್ರಿ ಹನ್ನೆರಡಕ್ಕೆ ತಾರೀಕು ಬದಲಾದಾಗ ಕೈಕೊಡುತ್ತದೆ, ಅದಕ್ಕೇ ಈ ಸುತ್ತುದಾರಿ' ಅನ್ನುವುದು ಇನ್ನೊಂದು, ಅದು ಬಂಗಾರ. ಆಟದ ಟಿಪ್ಪಣಿಗಳನ್ನೂ ನಾನು ಹೀಗೇ ತೂಗುತ್ತೇನೆ.

ಈ ತಕ್ಕಡಿಯಲ್ಲಿ ಇರ್ವಿಂಗ್ ಚೆರ್ನೆವ್‌ನ 'ಲಾಜಿಕಲ್ ಚೆಸ್: ಮೂವ್ ಬೈ ಮೂವ್' ವಿಚಿತ್ರವಾಗಿ ತೂಗುತ್ತದೆ. 1957ರ ಪುಸ್ತಕ, 33 ಆಟ, ಪ್ರತಿ ನಡೆಗೂ ವಿವರಣೆ. ಮೊದಲ ನಡೆಗೂ! ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದ್ದು ಯಾಕೆ ಎಂದು ಒಂದು ಆಟದಲ್ಲಿ ಹೇಳಿದ್ದನ್ನೇ ಮುಂದಿನ ಆಟದಲ್ಲಿ ಬೇರೆ ಮಾತಿನಲ್ಲಿ ಹೇಳುತ್ತಾನೆ. ಮಗ್ಗಿ ಬಾಯಿಪಾಠ ಮಾಡಿಸುವ ಮೇಷ್ಟರ ತಾಳ್ಮೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಹೇಳಲಾರೆ. ಆದರೆ ಚೆರ್ನೆವ್‌ನದ್ದು ಒಂದು ದೋಷ. ಅವನ ಕಥೆಗಳಲ್ಲಿ ಗೆದ್ದವನು ಸೂತ್ರ ಪಾಲಿಸಿ ಗೆಲ್ಲುತ್ತಾನೆ, ಸೋತವನು ಸೂತ್ರ ಮುರಿದು ಸೋಲುತ್ತಾನೆ, ಹರಿಕಥೆಯಲ್ಲಿ ಪಾಪಿಗೆ ಶಿಕ್ಷೆ ಆದ ಹಾಗೆ. ರಾಜನ ಪಕ್ಕದ ಕಾಲಾಳನ್ನು ಮುಟ್ಟಿದನೋ, ಮುಗಿಯಿತು ಅವನ ಗತಿ. ಫಲಿತಾಂಶ ತಿಳಿದುಕೊಂಡು ಹಿಂದಕ್ಕೆ ಬರೆದ ಕಥೆ ಇದು. ನಿಜವಾದ ಆಟದಲ್ಲಿ ಸೂತ್ರ ಮುರಿದೂ ಗೆಲ್ಲುತ್ತಾರೆ. ಯಾವಾಗ ಮುರಿಯಬಹುದು ಎನ್ನುವುದೇ ಅಲ್ಲವೆ ಕಲಿಯಬೇಕಾದದ್ದು?

ಅದಕ್ಕೆ ತಾಲ್‌ನ ಹತ್ತಿರ ಹೋಗಬೇಕು. 1976ರಲ್ಲಿ ಇಂಗ್ಲಿಷಿನಲ್ಲಿ ಬಂದ 'ದ ಲೈಫ್ ಅಂಡ್ ಗೇಮ್ಸ್ ಆಫ್ ಮಿಖಾಯಿಲ್ ತಾಲ್' ಒಂದು ಸಂದರ್ಶನದ ರೂಪದಲ್ಲಿದೆ. ಪತ್ರಕರ್ತ ಪ್ರಶ್ನೆ ಕೇಳುತ್ತಾನೆ, ಆಟಗಾರ ಉತ್ತರ ಕೊಡುತ್ತಾನೆ. ಪತ್ರಕರ್ತನೂ ತಾಲ್, ಆಟಗಾರನೂ ತಾಲ್! ಅದರಲ್ಲಿ ನೀರಾನೆಯ ಪ್ರಸಂಗ ಬರುತ್ತದೆ. ಸೋವಿಯತ್ ಚಾಂಪಿಯನ್‌ಷಿಪ್‌ನಲ್ಲಿ ವಸ್ಯುಕೋವ್ ಎದುರು ಕುದುರೆಯನ್ನು ಬಲಿಕೊಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ, ಕವಲಿಗೆ ಕವಲೊಡೆದ ಲೆಕ್ಕ ತಲೆಯೊಳಗೆ ಗೋಜಲಾಗಿ, ಕೊರ್ನೇಯ್ ಚುಕೋವ್‌ಸ್ಕಿಯ ಮಕ್ಕಳ ಪದ್ಯದ ನೀರಾನೆ ನುಗ್ಗಿಬಂತಂತೆ. ಕೆಸರಿನಲ್ಲಿ ಹೂತ ನೀರಾನೆಯನ್ನು ಮೇಲೆತ್ತುವುದು ಹೇಗೆ? ಜ್ಯಾಕ್ ಹಾಕುವುದೆ, ಸನ್ನೆಗೋಲೆ, ಹೆಲಿಕಾಪ್ಟರೆ? ಕೊನೆಗೆ, ಹಾಳಾಗಿ ಹೋಗಲಿ, ಮುಳುಗಲಿ ಅಂದುಕೊಂಡ. ನೀರಾನೆ ಮಾಯವಾಯಿತು, ಹಲಗೆಯೂ ಅಷ್ಟೇನೂ ಜಟಿಲವಾಗಿ ಕಾಣಲಿಲ್ಲ, ಲೆಕ್ಕ ಬಿಟ್ಟು ಅಂದಾಜಿನಲ್ಲೇ ಕುದುರೆಯನ್ನು ಕೊಟ್ಟು ಗೆದ್ದ. ಮರುದಿನ ಪತ್ರಿಕೆಯಲ್ಲಿ, ತಾಲ್ 40 ನಿಮಿಷ ಯೋಚಿಸಿ ಕರಾರುವಾಕ್ಕಾಗಿ ಲೆಕ್ಕಹಾಕಿದ ಬಲಿ ಕೊಟ್ಟ ಎಂದು ಬಂದಿತ್ತಂತೆ. ನಗು ಬರುತ್ತದೆ, ನಿಜ. ಆದರೆ ಟಿಪ್ಪಣಿ ಬರೆಯುವವರ ಮೇಲೆ ಇದಕ್ಕಿಂತ ಮೊನಚಾದ ವಿಮರ್ಶೆಯನ್ನು ನಾನು ಓದಿಲ್ಲ.

ಗ್ಯಾರಿ ಕಾಸ್ಪರೊವ್‌ನ 'ಮೈ ಗ್ರೇಟ್ ಪ್ರೆಡಿಸೆಸರ್ಸ್' ಐದು ಸಂಪುಟ, 2003ರಿಂದ 2006ರವರೆಗೆ ಬಂದದ್ದು. ಫಿಶರ್ ನಾಲ್ಕನೆಯದರಲ್ಲಿದ್ದಾನೆ. ಕಂಪ್ಯೂಟರಿನ ನೆರವಿನಿಂದ ಹಳಬರ ಆಟಗಳನ್ನೆಲ್ಲ ಜಾಲಾಡಿದ ದೊಡ್ಡ ಕೆಲಸ. ಪರಾಮರ್ಶನಕ್ಕೆ ಇರಲಿ, ಕಲಿಯುವುದಕ್ಕಲ್ಲ. ಒಂದು ನಡೆಗೆ ಮುಕ್ಕಾಲು ಪುಟ ಕವಲುಗಳು ಬಂದರೆ ನನ್ನಂಥವನು ಎಲ್ಲಿ ಹೊರಟಿದ್ದೆನೆಂಬುದೇ ಮರೆತುಹೋಗುತ್ತದೆ.

ಇನ್ನು ತಪ್ಪುಗಳ ವಿಷಯ. ಫಿಶರ್ 1962ರ ವಾರ್ನಾ ಒಲಿಂಪಿಯಾಡ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಬೊತ್ವಿನ್ನಿಕ್‌ನೊಂದಿಗೆ ಆಡಿದ ಆಟ ಡ್ರಾ ಆಯಿತು. ಬೊತ್ವಿನ್ನಿಕ್ ಮನೆಯಲ್ಲಿ ಮಾಡಿಕೊಂಡು ಬಂದಿದ್ದ ತಯಾರಿಯನ್ನು ಫಿಶರ್ ಮಂತ್ರಿಯ ಒಂದೇ ನಡೆಯಿಂದ ಬುಡಮೇಲು ಮಾಡಿ ಒಂದು ಕಾಲಾಳು ಮೇಲಾದ. ಆಟ ಮರುದಿನಕ್ಕೆ ನಿಂತಿತು. ಸೋವಿಯತ್ ತಂಡ ರಾತ್ರಿಯೆಲ್ಲ ಕೂತು ಆನೆಗಳ ಕೊನೆಯಾಟದಲ್ಲಿ ಬಚಾವಾಗುವ ದಾರಿ ಹುಡುಕಿತು. ಪುಸ್ತಕದಲ್ಲಿ ಫಿಶರ್ ಬೊತ್ವಿನ್ನಿಕ್‌ನ ಟಿಪ್ಪಣಿಗಳನ್ನೂ ಅಚ್ಚು ಹಾಕಿ, ಅವಕ್ಕೆ ಎದುರುತ್ತರ ಕೊಟ್ಟು, ನಾನು ಗೆಲ್ಲಬಹುದಿತ್ತು ಎಂದು ವಾದಿಸುತ್ತಾನೆ. ವಾದ ಅಲ್ಲಿಗೇ ನಿಲ್ಲಲಿಲ್ಲ. ಬೊತ್ವಿನ್ನಿಕ್ ಅದೇ ಕೊನೆಯಾಟವನ್ನು ತನ್ನ ಶಾಲೆಯ ಮಕ್ಕಳ ಮುಂದಿಟ್ಟ. ಡ್ರಾ ದಾರಿ ಹುಡುಕಿದವನು 13 ವರ್ಷದ ಕಾಸ್ಪರೊವ್. ಫಿಶರ್ ಬರೆದಿದ್ದು ತಪ್ಪಾಗಿರಬಹುದು, ಆದರೆ ಆ ತಪ್ಪಿನ ಮೇಲೆ ಎರಡು ತಲೆಮಾರಿನವರು ಕೂತು ಆನೆಯ ಕೊನೆಯಾಟ ಕಲಿತರು. ಯಂತ್ರದ ಉತ್ತರದೊಂದಿಗೆ ಹೀಗೆ ಜಗಳ ಆಡಲಾಗುವುದಿಲ್ಲ. ಜಗಳವಿಲ್ಲದೆ ನನಗಂತೂ ಏನೂ ತಲೆಗೆ ಹತ್ತುವುದಿಲ್ಲ.

ಇದೇ ಕಾರಣಕ್ಕೆ 1995ರಲ್ಲಿ ಬ್ಯಾಟ್ಸ್‌ಫರ್ಡ್ ತಂದ ಆವೃತ್ತಿ ನನಗೆ ಸೇರುವುದಿಲ್ಲ. ಮೂಲದಲ್ಲಿ ನಡೆಗಳು ಹಳೆಯ ಪದ್ಧತಿಯಲ್ಲಿದ್ದವು: ಪಿ-ಕೆ4, ಅಂದರೆ ರಾಜನ ಸಾಲಿನ ನಾಲ್ಕನೇ ಮನೆಗೆ ಕಾಲಾಳು. ಅದೇ ಮನೆ ಕಪ್ಪಿನವನ ಕಡೆಯಿಂದ ಎಣಿಸಿದರೆ ಐದನೆಯದು. ಮನೆ ಒಂದು, ವಿಳಾಸ ಎರಡು, ಕಲಿಯುವವನಿಗೆ ತಲೆನೋವು. ಅದನ್ನು ಇ4 ಎಂಬ ಹೊಸ ಪದ್ಧತಿಗೆ ತಂದದ್ದು ಉಪಕಾರವೇ. ಆದರೆ ಆ ನೆಪದಲ್ಲಿ ಫಿಶರ್‌ನ ಮಾತುಗಳಲ್ಲೇ ನೂರಾರು ಕಡೆ ಕೈಯಾಡಿಸಿದರು. ಸಂಪಾದಕ ಜಾನ್ ನನ್ ಸ್ವತಃ ಗ್ರ್ಯಾಂಡ್‌ಮಾಸ್ಟರ್, ಗಣಿತಜ್ಞ. ಯೋಗ್ಯತೆಯ ಬಗ್ಗೆ ಅನುಮಾನವಿಲ್ಲ. ಫಿಶರ್ ಮಾತ್ರ ಬಹಿರಂಗವಾಗಿಯೇ ಕೆಂಡ ಕಾರಿದ. ಅವನು ಕೆಂಡ ಕಾರಿದ ಹಲವು ವಿಷಯಗಳಲ್ಲಿ ನನಗೆ ಅವನ ಬಗ್ಗೆ ಅಸಹ್ಯವೇ ಇದೆ, ಆದರೆ ಇದರಲ್ಲಿ ನಾನು ಅವನ ಪಕ್ಷ. ನಮ್ಮ ಡಿ.ಎಲ್.ಎನ್. ಅವರಂಥ ವಿದ್ವಾಂಸರು ಹಳಗನ್ನಡ ಕಾವ್ಯ ಸಂಪಾದಿಸುವಾಗ ಓಲೆಗರಿಯ ಪಾಠವನ್ನೂ ಪಾಠಾಂತರವನ್ನೂ ಓದುಗನ ಮುಂದಿಡುತ್ತಿದ್ದರು. ಕವಿಯ ಸಾಲನ್ನು ಸದ್ದಿಲ್ಲದೆ ತಿದ್ದಿಬಿಡುವುದು ಅವರಿಗೆ ಒಗ್ಗದ ಕೆಲಸ. ಚದುರಂಗದವರಿಗೆ ಆ ಶಿಸ್ತು ಬೇಡವೆ? 2008ರಲ್ಲಿ ಅದೇ ಬ್ಯಾಟ್ಸ್‌ಫರ್ಡ್ ಫಿಶರ್‌ನ ಮಾತನ್ನು ಹಾಗೇ ಉಳಿಸಿ, ನಡೆಗಳನ್ನಷ್ಟೇ ಹೊಸ ಪದ್ಧತಿಗೆ ತಂದ ಆವೃತ್ತಿ ಹೊರತಂದಿತು. ಅದೇ ವರ್ಷ ಜನವರಿಯಲ್ಲಿ ಫಿಶರ್ ಐಸ್‌ಲ್ಯಾಂಡಿನಲ್ಲಿ ತೀರಿಕೊಂಡಿದ್ದ.

ನಮ್ಮ ಆನಂದ್ ಅವರ 'ಮೈ ಬೆಸ್ಟ್ ಗೇಮ್ಸ್ ಆಫ್ ಚೆಸ್' 1998ರದ್ದು. ಪ್ರಕಟಿಸಿದ್ದು ಗ್ಯಾಂಬಿಟ್, ಆ ಸಂಸ್ಥೆ ಕಟ್ಟಿದವರಲ್ಲಿ ಇದೇ ನನ್ ಒಬ್ಬ. ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರನ ಪುಸ್ತಕ ಎಂದು ಅಭಿಮಾನದಿಂದ ಕೊಂಡೆ, ಅಭಿಮಾನ ಬಿಟ್ಟು ಓದಿದಾಗಲೂ ಒಳ್ಳೆಯದೇ ಅನ್ನಿಸಿತು. ಸಜ್ಜನಿಕೆಯ ಬರಹ. ಆದರೆ ಹೆಸರೇ ಹೇಳುವ ಹಾಗೆ ಗೆಲುವಿನ ಪುಸ್ತಕ. ವೇಗವಾಗಿ ಆಡುವವರು ವೇಗವಾಗಿಯೇ ಬರೆದಿದ್ದಾರೆ, ಕಲಿಯುವವನು ಹಿಂದೆ ಓಡಬೇಕು. ಸೋಲಿನ ಕುರಿತು ಅವರು ಮನಸ್ಸು ಬಿಚ್ಚಿದ್ದು 2019ರ 'ಮೈಂಡ್ ಮಾಸ್ಟರ್' ಎಂಬ ಆತ್ಮಕಥೆಯಲ್ಲಿ. 2013ರಲ್ಲಿ ತಾವು ಬೆಳೆದ ಚೆನ್ನೈಯಲ್ಲೇ ಕಾರ್ಲ್‌ಸನ್‌ಗೆ ಕಿರೀಟ ಒಪ್ಪಿಸಿದವರಿಗೆ ಹೇಳಲು ಬೇಕಾದಷ್ಟಿತ್ತು. ಆ ಎರಡು ಪುಸ್ತಕ ಒಂದೇ ಆಗಿದ್ದರೆ ಫಿಶರ್‌ನ ಪಕ್ಕ ಇಡಬಹುದಿತ್ತು.

ಮಗಳ ಪ್ರಶ್ನೆಗೆ ಬರುತ್ತೇನೆ. ಅವಳಿಗೆ ಗುಕೇಶ್‌ನ ಉದಾಹರಣೆ ಹೇಳಿದೆ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್‌ನನ್ನು ಸೋಲಿಸಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಹುಡುಗನನ್ನು, ಗುರು ವಿಷ್ಣು ಪ್ರಸನ್ನ ಗ್ರ್ಯಾಂಡ್‌ಮಾಸ್ಟರ್ ಮಟ್ಟಕ್ಕೆ ಬರುವವರೆಗೂ ಇಂಥ ತಂತ್ರಾಂಶಗಳಿಂದ ದೂರ ಇಟ್ಟಿದ್ದರು. "ಹಾಗಾದರೆ ಅಪ್ಪ, ನಿನ್ನನ್ನೂ ದೂರ ಇಡಬೇಕಿತ್ತು" ಅಂದಳು. ಮಾತಿನಲ್ಲಿ ಅಮ್ಮನ ಮಗಳು.

ನಾವೀಗ ಶನಿವಾರ ಸಂಜೆ ಹೀಗೆ ಓದುತ್ತೇವೆ. ಹಲಗೆ ನಡುವೆ, ಪುಸ್ತಕದ ಮೇಲೆ ಹಳೆಯ ಮದುವೆ ಆಮಂತ್ರಣದ ಕಾರ್ಡು. ಒಂದೊಂದೇ ಸಾಲು ಕೆಳಗಿಳಿಸಬೇಕು. ಗೆದ್ದವನ ನಡೆ ಬರುವ ಮೊದಲು ಇಬ್ಬರೂ ನಮ್ಮ ನಡೆ ಬರೆದಿಡಬೇಕು, ಪಕ್ಕದಲ್ಲಿ ಯಾಕೆಂದು ನಾಲ್ಕು ಮಾತು. ಯಾಕೆ ಬರೆಯದಿದ್ದರೆ ನಡೆ ಸರಿಯಿದ್ದರೂ ಅಂಕ ಇಲ್ಲ. ಎರಡು ಗಂಟೆಗೆ ಒಂದು ಆಟ ಮುಗಿದರೆ ಪುಣ್ಯ. ಸ್ಟಾಕ್‌ಫಿಶ್ ಕೊನೆಯಲ್ಲಿ, ಅದೂ ಜಗಳ ಬಗೆಹರಿಯದಿದ್ದರೆ ಮಾತ್ರ. ಕಳೆದ ಸಲ 1963-64ರ ಅಮೆರಿಕ ಚಾಂಪಿಯನ್‌ಷಿಪ್‌ನ ರಾಬರ್ಟ್ ಬರ್ನ್–ಫಿಶರ್ ಆಟಕ್ಕೆ ಕೂತಿದ್ದೆವು. ಹನ್ನೊಂದಕ್ಕೆ ಹನ್ನೊಂದೂ ಗೆದ್ದ ಪಂದ್ಯಾವಳಿ ಅದು. ಬರ್ನ್ ಸೋಲೊಪ್ಪಿದ ಹೊತ್ತಿಗೆ, ಪ್ರೇಕ್ಷಕರಿಗೆ ಆಟ ವಿವರಿಸುತ್ತಿದ್ದ ಗ್ರ್ಯಾಂಡ್‌ಮಾಸ್ಟರುಗಳು ಬರ್ನ್ ಗೆಲ್ಲುತ್ತಿದ್ದಾನೆ ಎಂದೇ ಹೇಳುತ್ತಿದ್ದರಂತೆ. ಆ ಕೊನೆಯ ನಡೆಯ ಮುಂದೆ ಕಾರ್ಡು ಇಟ್ಟುಕೊಂಡು ನಾವಿಬ್ಬರೂ ಮುಕ್ಕಾಲು ಗಂಟೆ ಕೂತೆವು. ಅವಳು ಬರೆದದ್ದು ಕಪ್ಪು ಸೋಲುತ್ತದೆ ಎಂದು. ಕಾರ್ಡು ಸರಿಸಲು ನಾನು ಕೈಚಾಚಿದರೆ, "ಇರು, ಇನ್ನೂ ಐದು ನಿಮಿಷ" ಎಂದು ಕೈ ಹಿಡಿದುಕೊಂಡಳು.